ನಿಂತಲ್ಲೇ ಮುಂದೆ ಹೋದ ದೋಣಿ

ಬಸ್ಸಿನ ಸೀಟು ಹೊಲಿಯುವುದು ಅವಳ ಕಸುಬು. ಹದಿನೇಳನೇ ವಯಸ್ಸಿಗೆ ಆ ಶೆಡ್ಡಿಗೆ ಕಾಲಿಟ್ಟವಳು, ಐವತ್ತೆರಡಾದರೂ ಅದೇ ಕಿಟಕಿಯ ಪಕ್ಕದ ಅದೇ ದೊಡ್ಡ ಮಿಷನ್ನಿನ ಮುಂದೆ ಕೂರುತ್ತಿದ್ದಳು. ಎಡಕ್ಕೆ ಫೋಮಿನ ರಾಶಿ, ಬಲಕ್ಕೆ ರೆಕ್ಸಿನ್ ಸುರುಳಿ, ಕೊರಳಲ್ಲಿ ಟೇಪು. ಊರಿನ ಅರ್ಧಕ್ಕರ್ಧ ಜನ ಅವಳ ಹೊಲಿಗೆಯ ಮೇಲೆ ಕೂತೇ ಕೆಲಸಕ್ಕೆ ಹೋಗಿಬರುತ್ತಿದ್ದರು.

ಮನೆಯಲ್ಲಿ ಅವಳಿಗೆ ಭಾರಮ್ಮ ಅಂತ ಹೆಸರು. ಇಟ್ಟವನು ತಮ್ಮ. ಮೈ ನೋಡಿ ಇಟ್ಟದ್ದಲ್ಲ, ಆಳು ಕಡ್ಡಿಯ ಹಾಗಿದ್ದಳು. ಹಾಯಿದೋಣಿಗೆ ಅವಳು ಹೊತ್ತು ತರುತ್ತಿದ್ದ ಸಾಮಾನು ನೋಡಿ ಇಟ್ಟದ್ದು. ಪ್ರತಿಯಾಗಿ ಅವಳು ಅವನಿಗೆ ಹಗುರಪ್ಪ ಅಂತ ಕರೆದು ನೋಡಿದಳು. ಅದು ಯಾರ ನಾಲಿಗೆಗೂ ಹತ್ತಲಿಲ್ಲ. ಇವಳದ್ದು ಮಾತ್ರ ಅಂಟಿಕೊಂಡಿತು.

ದೋಣಿ ಅವರಪ್ಪನದು. ಅವರಪ್ಪ ಬಂದರಿನಲ್ಲಿ ಕ್ರೇನು ಓಡಿಸುತ್ತಿದ್ದ ಮನುಷ್ಯ. ದಿನವಿಡೀ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಕೂತು ಹಾಯಿದೋಣಿಗಳು ಹೋಗಿಬರುವುದನ್ನು ನೋಡುತ್ತಿದ್ದವನಿಗೆ ಒಂದು ದಿನ ತಡೆಯಲಾಗಲಿಲ್ಲ. ಹನ್ನೆರಡು ವರ್ಷ ಹಳೆಯದಾದ ಒಂದು ಫೈಬರ್ ದೋಣಿಯನ್ನು ತಂದೇಬಿಟ್ಟ. ಕಟ್ಟಿದವರು ಅದಕ್ಕೆ ಎರಡು ಮನಸ್ಸು ಇಟ್ಟು ಕಟ್ಟಿದ್ದರು: ಒಳಗೆ ಐದು ಜನ ಮಲಗುವಷ್ಟು ಜಾಗ, ಒಲೆ, ಕಪಾಟು, ಪುಟ್ಟ ಬಚ್ಚಲು, ಹೊರಗೆ ನೋಡಿದರೆ ಓಟದ ದೋಣಿಯ ಉದ್ದ ಹಾಯಿಕಂಬ, ಚೂಪು ಮೂತಿ. ಅಪ್ಪ ಹೋದಮೇಲೆ ಅದು ಅಕ್ಕ ತಮ್ಮ ಇಬ್ಬರ ಪಾಲಿಗೂ ಬಂತು. ಎರಡು ಮನಸ್ಸಿನ ದೋಣಿಗೆ ಸರಿಯಾಗಿ ಎರಡು ಮನಸ್ಸಿನ ವಾರಸುದಾರರು. ತಮ್ಮನಿಗೆ ಓಟ ಬೇಕು. ಅವನು ಶಾಲೆಯಲ್ಲಿ ಆಟದ ಮೇಷ್ಟ್ರು, ಹೊತ್ತು ಅಳೆಯಲು ಕೈಗಡಿಯಾರದ ಗುಂಡಿ ಒತ್ತದೆ ಮೆಟ್ಟಿಲೂ ಇಳಿಯದವನು. ಅಕ್ಕನಿಗೆ ತಿರುಗಾಟ ಬೇಕು. ಎಲ್ಲಾದರೂ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿ, ಮೊಟ್ಟೆ ಹುರಿದು, ಕಾಲು ಚಾಚಿ ಕೂರಬೇಕು.

ಆದರೆ ರಿಪೇರಿಯಲ್ಲಿ ಮಾತ್ರ ಇಬ್ಬರೂ ಒಂದೇ. ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಎತ್ತಿ ಅಂಗಳದಲ್ಲಿ ಕಂಬಗಳ ಆಸರೆಗೆ ನಿಲ್ಲಿಸುತ್ತಿದ್ದರು. ಅಲ್ಲಿಂದ ಆರು ವಾರ ಭಾನುವಾರಗಳೆಲ್ಲ ದೋಣಿಯ ಹೊಟ್ಟೆಯ ಕೆಳಗೆ. ತಳಕ್ಕೆ ಹತ್ತಿದ ಚಿಪ್ಪು ಕೆರೆಯುವುದು, ಉಜ್ಜುವುದು, ಫೈಬರಿನಲ್ಲಿ ಎದ್ದ ಗುಳ್ಳೆ ಒಡೆದು ಒಣಗಿಸಿ ತುಂಬುವುದು, ಬಣ್ಣ ಬಳಿಯುವುದು. ತಳಕ್ಕೆ ಹಚ್ಚುವ ಆ ಕೆಂಪು ಬಣ್ಣ ಕೂದಲಿಗೆ ಬಿದ್ದರೆ ಹದಿನೈದು ದಿನ ಹೋಗುತ್ತಿರಲಿಲ್ಲ. ಆ ದಿನಗಳಲ್ಲಿ ಶಾಲೆಯ ಮಕ್ಕಳು ಮೇಷ್ಟ್ರ ಕಿವಿ ನೋಡಿಯೇ ಯಾವ ತಿಂಗಳು ಅಂತ ಹೇಳುತ್ತಿದ್ದರಂತೆ.

ದೋಣಿ ಮತ್ತೆ ನೀರಿಗಿಳಿದ ಮೇಲೆ ಹಗ್ಗ ಬಿಗಿಯುವ ವಿಂಚುಗಳನ್ನು ಬಿಚ್ಚಿ ಗ್ರೀಸು ಹಾಕುವುದು ತಮ್ಮನ ಪಾಲು. ಅದರೊಳಗೆ ಉಗುರಿನಷ್ಟು ಸಣ್ಣ ಸ್ಪ್ರಿಂಗುಗಳಿರುತ್ತವೆ. ಬಿಚ್ಚಿದ್ದೇ ತಡ ಮಿಡತೆಯ ಹಾಗೆ ಹಾರಿ ನೀರಿಗೆ ಬೀಳುತ್ತವೆ. ಮೂರು ವರ್ಷ ಹೀಗೇ ಕಳೆದುಕೊಂಡು ಬೈದುಕೊಳ್ಳುತ್ತಿದ್ದವನಿಗೆ ಅಕ್ಕ ಉಳಿದ ರೆಕ್ಸಿನ್ನಿನಲ್ಲಿ ಒಂದು ಚೀಲ ಹೊಲಿದುಕೊಟ್ಟಳು. ನಡುವೆ ತೂತು, ಅಂಚಿಗೆ ಇಲಾಸ್ಟಿಕ್. ವಿಂಚಿನ ಸುತ್ತ ಸಿಕ್ಕಿಸಿದರೆ ಅಗಲವಾದ ಕಾಲರಿನ ಹಾಗೆ ನಿಲ್ಲುತ್ತದೆ. ಹಾರಿದ ಸ್ಪ್ರಿಂಗು ಅದರೊಳಗೇ ಬೀಳುತ್ತದೆ. "ಮೂರು ವರ್ಷ ಮೊದಲೇ ಕೊಡೋಕೇನಾಗಿತ್ತು ನಿಂಗೆ?" ಅಂದ ತಮ್ಮ. "ಬಾಯ್ಬಿಟ್ಟು ಕೇಳಿದ್ಯಾ ನೀನು?" ಅಂದಳು ಅಕ್ಕ.

ಅವಳ ಗಂಡ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು. ಉದ್ದನೆಯ, ಮಾತು ಕಡಿಮೆಯ ಮನುಷ್ಯ. ದೋಣಿಯಲ್ಲಿ ಅವನು ಮಲಗುವ ಜಾಗಕ್ಕೇ ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು. ಆರು ವರ್ಷ ಆ ಪುಣ್ಯಾತ್ಮ ಎದೆಯ ಮೇಲೆ ಬಟ್ಟಲು ಇಟ್ಟುಕೊಂಡು ಮಲಗಿದ. ತಲೆಯ ಮೇಲಿನ ಜಾಗಕ್ಕೆ ಎಷ್ಟು ಅಂಟು ಬಳಿದರೂ ನೀರು ನಿಲ್ಲಲಿಲ್ಲ. ಕೊನೆಗೆ ಅವಳು ಒಳಗಿನ ಚಾವಣಿಗೆಲ್ಲ ಮುಖಕ್ಕೆ ಹಚ್ಚುವ ಪೌಡರು ಬಳಿದು, ಹೊರಗಿನಿಂದ ಬಕೆಟ್ ಗಟ್ಟಲೆ ನೀರು ಸುರಿಸಿದಳು. ಪೌಡರಿನ ಮೇಲೆ ನೀರು ಹರಿದ ಗೆರೆ ಮೂಡಿತು. ಗೆರೆ ಹಿಡಿದು ಹೋದರೆ ತೂತು ಇದ್ದದ್ದು ನಾಲ್ಕು ಅಡಿ ಮುಂದೆ, ಒಂದು ಬೋಲ್ಟಿನ ಬುಡದಲ್ಲಿ. ಬೋಲ್ಟು ಬಿಚ್ಚಿ, ಒಳಗೆ ಅಂಟು ತುಂಬಿ, ಮತ್ತೆ ಬಿಗಿದಳು. ಮುಂದಿನ ಮಳೆಗೆ ಗಂಡ ಒಣಗಿದ ಬಟ್ಟಲು ಹಿಡಿದು ಎದ್ದು ಬಂದು, "ಏನೋ ಕಳಕೊಂಡ ಹಾಗಾಗ್ತಿದೆ ಕಣೇ," ಅಂದ.

ಹಾಯಿ ಹೊಲಿಯಲು ಕಲಿತದ್ದು ಒಂದು ದೊಡ್ಡ ಕಥೆ. ದೊಡ್ಡ ಹಾಯಿ ಹಳತಾಗಿ ಹರಿದಾಗ, ಇದೇನು ಮಹಾ, ಅಷ್ಟಗಲದ ಬಟ್ಟೆ ತಾನೇ ಅಂತ ಅವಳೇ ಹೊಸದನ್ನು ಹೊಲಿದಳು. ಎರಡು ತಿಂಗಳು ಹಿಡಿಯಿತು. ಏರಿಸಿದರೆ ಹಾಯಿ ಹಲಗೆಯ ಹಾಗೆ ಚಪ್ಪಟೆಯಾಗಿ ನಿಂತಿತು. ದೋಣಿ ಮುಂದೆ ಹೋಗಲೊಲ್ಲದು. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಬೆಡ್‌ಶೀಟು ಒಣಗಿದ ಮೇಲೆ ಹೇಳಕ್ಕ, ಮಡಚಿಡೋಣ," ಅಂದ. ಅವಳಿಗೆ ಅವಮಾನವಾಯಿತು, ಆದರೆ ನಗುವೂ ಬಂತು. ಸೋಮವಾರ ಶೆಡ್ಡಿನಲ್ಲಿ ಡ್ರೈವರ್ ಸೀಟಿನ ಕವರು ಕತ್ತರಿಸುತ್ತಿದ್ದಾಗ ಕತ್ತರಿ ತಾನಾಗಿ ನಿಂತಿತು. ಸೀಟಿಗೆ ಹೊಟ್ಟೆ ಬರಲೆಂದು ತಾನು ಇಷ್ಟು ವರ್ಷ ಅಂಚನ್ನು ಬಿಲ್ಲಿನ ಹಾಗೆ ಬಾಗಿಸಿಯೇ ಕತ್ತರಿಸುತ್ತಿದ್ದೇನಲ್ಲ. ಗಾಳಿ ಕೂರುವುದಕ್ಕೂ ಹಾಗೇ ಒಂದು ಜಾಗ ಬೇಡವೇ? ಇಡೀ ಹಾಯಿಯನ್ನು ಬಿಚ್ಚಿ, ಒಂದೊಂದು ಪಟ್ಟಿಯ ಅಂಚನ್ನೂ ಬೆರಳಗಲ ಬಾಗಿಸಿ ಮತ್ತೆ ಹೊಲಿದಳು. ಈ ಸಲ ಏರಿಸಿದಾಗ ಹಾಯಿ ಉಸಿರೆಳೆದುಕೊಂಡ ಹಾಗೆ ತುಂಬಿತು, ದೋಣಿ ಒಂದು ಮಗ್ಗುಲಿಗೆ ವಾಲಿ ಮುಂದೆ ಓಡಿತು. ತಮ್ಮ ಬೆಡ್‌ಶೀಟಿನ ಮಾತು ಮತ್ತೆ ಎತ್ತಲಿಲ್ಲ. ಅವನ ಮಟ್ಟಿಗೆ ಅದೇ ದೊಡ್ಡ ಹೊಗಳಿಕೆ.

ಹೀಗೆ ಎಲ್ಲ ಸರಿಯಿತ್ತು. ಜಗಳ ಬರುತ್ತಿದ್ದದ್ದು ವರ್ಷದ ದೊಡ್ಡ ಓಟದ ಹಿಂದಿನ ದಿನ. ಎದುರಿನ ದ್ವೀಪವನ್ನು ಒಂದು ಸುತ್ತು ಹಾಕಿ ವಾಪಸು ಬರುವ ಓಟ ಅದು. ಇಪ್ಪತ್ತೊಂದು ದೋಣಿಗಳಲ್ಲಿ ಅವರದ್ದು ಹದಿನಾಲ್ಕರಿಂದ ಮೇಲೆ ಹೋದದ್ದೇ ಇಲ್ಲ. ತಮ್ಮ ಓಟಕ್ಕೆ ಮೊದಲು ದೋಣಿಯನ್ನು ಖಾಲಿ ಮಾಡಿಸುತ್ತಿದ್ದ. ಓಟ ಮುಗಿದದ್ದೇ ಅಕ್ಕ ಎಲ್ಲವನ್ನೂ ಹೊತ್ತು ತಂದು ತುಂಬಿಸುತ್ತಿದ್ದಳು. ಒಂದು ವರ್ಷವಂತೂ ಭಾರ ಇಳಿಸಲೆಂದು ಬಚ್ಚಲಿನ ಬಾಗಿಲನ್ನೇ ಕಿತ್ತುಹಾಕಿದ್ದ. ಅವಳು ಮರುವಾರ ಅಲ್ಲಿಗೆ ಬಸ್ ಸೀಟಿನ ಹೂವಿನ ರೆಕ್ಸಿನ್ ಪರದೆ ಹಾಕಿದಳು.

ಈ ಸಲ ಅವನು ಮನೆಯಿಂದ ತೂಕದ ಯಂತ್ರವನ್ನೇ ತಂದು ದೋಣಿ ನಿಲ್ಲುವ ಕಟ್ಟೆಯ ಮೇಲಿಟ್ಟ. ಒಂದೊಂದೇ ಸಾಮಾನು ತೂಗುತ್ತಾ ಹೋದ.

"ದಿಂಬು ಹದಿನಾಲ್ಕು. ಅಕ್ಕಾ, ನಾವಿರೋದು ನಾಲ್ಕು ಜನ."

"ಬೆನ್ನಿಗೊಂದು, ತಲೆಗೊಂದು."

"ಅದು ಎಂಟಾಯ್ತು."

"ಯಾರಾದ್ರೂ ಬಂದ್ರೆ?"

"ಸಮುದ್ರದ ನಡುವೆ ಯಾರು ಬರ್ತಾರೆ?" ಅವನು ಒಲೆಯನ್ನು ತೂಗಿದ, ಕೆಟಲ್ ತೂಗಿದ, ಬಾಣಲೆ ತೂಗಿದ. "ಇದು ದೋಣಿನಾ, ಇಲ್ಲಾ ಮನೆ ಖಾಲಿ ಮಾಡೋ ಲಾರಿನಾ?"

ಕೊನೆಗೆ ಮೂತಿಯ ಕಡೆಯ ಗೂಡಿಗೆ ಕೈ ಹಾಕಿದ. ಅಲ್ಲಿ ದೊಡ್ಡ ಲಂಗರು, ಅದಕ್ಕೆ ಮೂವತ್ತು ಮೀಟರ್ ಕಬ್ಬಿಣದ ಸರಪಳಿ, ಅದರ ಹಿಂದೆ ಹಗ್ಗ. ಲಂಗರು ಸರಪಳಿ ಎರಡನ್ನೂ ಒಂದೇ ಸಲ ಎತ್ತಲು ಹೋದ. "ಲೋ, ಎರಡು ಸಲ ಮಾಡೋ," ಅಂತ ಅವಳು ಅನ್ನುತ್ತಿದ್ದ ಹಾಗೇ ಅವನ ಸೊಂಟ ಹಿಡಿದುಕೊಂಡಿತು. ಬಗ್ಗಿದವನು ಏಳಲಿಲ್ಲ. ಪ್ರಶ್ನಾರ್ಥಕ ಚಿಹ್ನೆಯ ಹಾಗೆ ನಿಂತೇ, "ಎಷ್ಟು ಕಿಲೋ ಅಂತ ನೋಡಕ್ಕ," ಅಂದ. ಅವಳ ಗಂಡ ಬಂದು ಸಾವಕಾಶವಾಗಿ ತೂಗಿ, "ಐವತ್ತೇಳು," ಅಂದ.

ಡಾಕ್ಟರು ಒಂದು ತಿಂಗಳು ಏನೂ ಎತ್ತಕೂಡದು ಅಂದರು. ಇಳಿಸುವವನೇ ಬಿದ್ದಮೇಲೆ ಸಾಮಾನು ಇಳಿಸುವವರು ಯಾರು? ಎಲ್ಲ ವಾಪಸು ಒಳಗೆ ಹೋಯಿತು. ಓಟ ಬಿಡೋಣ ಅಂದರೆ ತಮ್ಮ ಒಪ್ಪಲಿಲ್ಲ.

"ಚುಕ್ಕಾಣಿ ನೀನು ಹಿಡಿ. ನಾನು ಒಳಗೆ ಮಲಗಿರ್ತೀನಿ."

"ನಾನು ಓಟದಲ್ಲಿ ಯಾವತ್ತು ಹಿಡಿದಿದೀನೋ?"

"ನಾನು ಹಿಡಿದು ಹದಿನಾಲ್ಕು ಬಂದಿದೀವಿ. ನೀನು ಹಿಡಿದ್ರೆ ಇನ್ನೇನು, ಮೂವತ್ತಾಗುತ್ತಾ? ಇರೋದೇ ಇಪ್ಪತ್ತೊಂದು."

ಮರುದಿನ ಬೆಳಗ್ಗೆ ಅವಳು ಚುಕ್ಕಾಣಿಯ ಮರದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಗಂಡ ಮತ್ತು ತಮ್ಮನ ಹೆಂಡತಿ ಹಗ್ಗಗಳ ಹತ್ತಿರ. ತಮ್ಮನ ಹೆಂಡತಿ ಹಲ್ಲಿನ ಡಾಕ್ಟರು, ಗಂಟು ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಮ್ಮ ಕೆಳಗೆ ಹದಿನಾಲ್ಕು ದಿಂಬುಗಳ ನಡುವೆ. "ಈ ಸಲದ ಬೇಡದ ಭಾರ ನಾನೇ," ಅಂತ ಅವನೇ ಹೇಳಿಕೊಂಡ.

ಗಾಳಿ ಚೆನ್ನಾಗಿತ್ತು. ಮೊದಲ ಅರ್ಧ ಗಂಟೆ ದೋಣಿ ಅತ್ತಿತ್ತ ಓಲಾಡಿತು, ಆಮೇಲೆ ಅವಳ ಕೈಗೆ ಸಿಕ್ಕಿತು. ಹಿಡಿಯಲ್ಲಿ ಒಂದು ಸಣ್ಣ ನಡುಕ ಬರುತ್ತಿತ್ತು. ಬಟ್ಟೆ ಸರಿಯಾಗಿ ಓಡುವಾಗ ಮಿಷನ್ನಿನಲ್ಲಿ ಬರುವಂಥದ್ದೇ. ಆ ನಡುಕ ತಪ್ಪದ ಹಾಗೆ ನಡೆಸುತ್ತಾ ಹೋದಳು. ದ್ವೀಪದ ಹಿಂದೆ ತಿರುಗುವಾಗ ಅವರು ಹದಿನಾರನೆಯವರು.

ಮಧ್ಯಾಹ್ನ, ದ್ವೀಪಕ್ಕೂ ನೆಲಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಗಾಳಿ ಸತ್ತುಹೋಯಿತು. ಹಾಯಿಗಳೆಲ್ಲ ಜೋತುಬಿದ್ದವು. ಎರಡು ದೋಣಿ ಮಾತ್ರ ಮೊದಲೇ ಪಾರಾಗಿ ಹೋಗಿದ್ದವು. ಉಳಿದವು ಅಲ್ಲಲ್ಲೇ ನಿಂತಂತೆ ಕಾಣುತ್ತಿದ್ದವು. ಅವಳು ದಡ ನೋಡುತ್ತಿದ್ದಳು. ಅಲ್ಲೊಂದು ಬಿಳಿ ಮನೆ, ಅದರ ಹಿಂದೆ ಗುಡ್ಡದ ಮೇಲೆ ಒಂಟಿ ಮರ. ಸ್ವಲ್ಪ ಹೊತ್ತಿಗೆ ಮುಂಚೆ ಮನೆಯನ್ನು ದಾಟಿ ಬಂದಿದ್ದರು. ಈಗ ಮನೆ ಮತ್ತೆ ಮರದ ಅಡಿಗೆ ಬರುತ್ತಿತ್ತು.

"ರೀ, ಸಮುದ್ರದ ಇಳಿತ ಜೋರಾಗಿದೆ. ನಾವು ಹಿಂದೆ ಹೋಗ್ತಿದೀವಿ," ಅಂದಳು.

"ಏನು ಮಾಡೋಣ?"

"ಲಂಗರು ಹಾಕಿ. ಸದ್ದು ಮಾಡ್ಬೇಡಿ, ಬೇರೆಯವ್ರಿಗೆ ಗೊತ್ತಾಗ್ಬಾರ್ದು. ಹಾಯಿ ಹಾಗೇ ಇರಲಿ."

ಗಂಡ ಮೂತಿಗೆ ಹೋಗಿ, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಸರಪಳಿಯನ್ನು ನೀರಿಗೆ ಇಳಿಸಿದ. ಅದು ಹೋಯಿತು, ಹೋಯಿತು, ಆಮೇಲೆ ಹಗ್ಗವೂ ಒಂದಿಷ್ಟು ಹೋಯಿತು. ದೋಣಿ ಒಮ್ಮೆ ತಲೆಯಾಡಿಸಿ ನಿಂತುಬಿಟ್ಟಿತು. ಬದಿಯಲ್ಲಿ ನೀರು ಗುಳುಗುಳು ಅನ್ನುತ್ತಾ ಹರಿಯತೊಡಗಿತು.

ಅವಳು ಕೆಳಗಿಳಿದು ಒಲೆ ಹಚ್ಚಿ ಕಾಫಿಗೆ ನೀರಿಟ್ಟಳು. ಮೊಟ್ಟೆ ಒಡೆದಳು. ತಮ್ಮ ಮಲಗಿದಲ್ಲಿಂದಲೇ ಕೇಳಿದ, "ಗಾಳಿ ಬಂತಾ?"

"ಇಲ್ಲ. ಲಂಗರು ಹಾಕಿ ನಿಂತಿದೀವಿ."

"ಈಗ ಎಷ್ಟನೆಯವರು ನಾವು?"

ಮೇಲಿನಿಂದ ಅವನ ಹೆಂಡತಿ ಎಣಿಸಿ ಹೇಳಿದಳು: "ಹನ್ನೆರಡು."

"ಹದಿನಾರು ಅಂದ್ರಲ್ಲ?"

"ಆಗ. ಈಗ ಹನ್ನೊಂದು."

"ನಾವು ನಿಂತಿದೀವಿ ಅಂದ್ರಿ."

"ನಿಂತಿದೀವಿ ಕಣ್ರೀ. ಹತ್ತು."

ಅವನಿಗೆ ಹಾಸಿಗೆಯಲ್ಲಿ ಇರಲಾಗಲಿಲ್ಲ. ಹೆಂಡತಿಯ ಭುಜ ಹಿಡಿದು, ಒಂದೊಂದೇ ಮೆಟ್ಟಿಲು ಏರಿ, ತಲೆ ಹೊರಗೆ ಹಾಕಿದ. ಎದುರಿನಿಂದ ಹೊಳೆಯುವ ಹೊಸ ದೋಣಿಗಳು ಮೂತಿ ಮುಂದಕ್ಕೆ ಇಟ್ಟುಕೊಂಡೇ ಹಿಂದಕ್ಕೆ ಬರುತ್ತಿದ್ದವು. ಕೆಲವರು ಲಂಗರು ಹಾಕಿದ್ದರು. ಹಗುರಕ್ಕೆಂದು ಇಟ್ಟುಕೊಂಡಿದ್ದ ಅಂಗೈಯಗಲದ ಲಂಗರು, ಗಿಡ್ಡ ಹಗ್ಗ. ಅದು ತಳ ಮುಟ್ಟದೆ ತೂಗಾಡುತ್ತಿತ್ತು. ಹಾದುಹೋಗುವಾಗ ಒಬ್ಬ ಕ್ಯಾಪ್ಟನ್ ಮೂಗೆಳೆದು, "ಏನು ಮಾಡ್ತಿದೀರಿ, ಆಮ್ಲೆಟ್ಟಾ?" ಅಂತ ಕೇಳಿದ.

"ಹೂಂ. ಕೊಡ್ಲಾ?" ಅಂದಳು ಅವಳು. ಕೈಚಾಚುವಷ್ಟರಲ್ಲಿ ಆ ದೋಣಿ ಹಿಂದಕ್ಕೆ ಜಾರಿ ಹೋಗಿತ್ತು.

ತಮ್ಮ ನಗಲು ಶುರುಮಾಡಿದ. ನಕ್ಕರೆ ಸೊಂಟ ನೋಯುತ್ತಿತ್ತು, ನೋವಿಗೆ ಅಯ್ಯೋ ಅನ್ನುತ್ತಿದ್ದ, ಮತ್ತೆ ನಗುತ್ತಿದ್ದ. ಕಣ್ಣಲ್ಲಿ ನೀರು ಬಂತು. "ನಗಿಸ್ಬೇಡ್ರೇ, ಸಾಯ್ತೀನಿ," ಅನ್ನುತ್ತಲೇ ಎಣಿಸುತ್ತಿದ್ದ. ತಟ್ಟೆ ಖಾಲಿಯಾಗುವಾಗ ಅವರು ಮೂರನೆಯವರಾಗಿದ್ದರು.

ಎರಡು ಗಂಟೆ ಕಳೆದ ಮೇಲೆ ನೀರಿನ ಸೆಳೆತ ಸಡಿಲಾಯಿತು, ದಡದ ಕಡೆಯಿಂದ ತಣ್ಣನೆ ಗಾಳಿ ಬಂತು. ಗಂಡ, ತಮ್ಮನ ಹೆಂಡತಿ ಇಬ್ಬರೂ ಸೇರಿ ಸರಪಳಿ ಎಳೆದರು. ಕೆಸರಿನ ಸಮೇತ ಲಂಗರು ಮೇಲೆ ಬರುವಷ್ಟರಲ್ಲಿ ಗಂಡನ ಅಂಗಿ ಹಿಂಡುವ ಹಾಗಿತ್ತು. ಆಮೇಲಿನದು ನಿಜವಾದ ಓಟ. ಹಗುರ ದೋಣಿಗಳು ಹಿಂದಿನಿಂದ ಮೇಲೆಬಿದ್ದು ಬಂದವು. ತಮ್ಮ ಮೆಟ್ಟಿಲ ಮೇಲೆ ನೆಟ್ಟಗೆ ನಿಂತು ಹಿಂದೆ ನೋಡಿ ನೋಡಿ ಹೇಳುತ್ತಿದ್ದ, ಅವಳು ಮುಂದೆ ಮಾತ್ರ ನೋಡುತ್ತಿದ್ದಳು. ಎರಡು ದೋಣಿ ದಾಟಿಕೊಂಡೇ ಹೋದವು. ಮೂರನೆಯದರ ಮೂತಿ ಅವಳ ಮೊಣಕೈ ಸಾಲಿಗೆ ಬಂದಿತ್ತು, ಅಷ್ಟರಲ್ಲಿ ಇವರು ಗೆರೆ ದಾಟಿದ್ದಕ್ಕೆ ಕಟ್ಟೆಯಿಂದ ಗಂಟೆ ಬಾರಿಸಿದರು. ಐದನೆಯ ಸ್ಥಾನ. ಕಟ್ಟೆಯ ಮೇಲೆ ಕೂತವರಿಗೆ ಐದು ಅನ್ನುವುದು ದೊಡ್ಡದಲ್ಲ. ಆ ದೋಣಿಯಲ್ಲಿ ಮಾತ್ರ ನಾಲ್ಕು ಜನರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ತಮ್ಮ ನಿಂತಲ್ಲೇ ಕೈ ಮಾತ್ರ ಕುಣಿಸಿದ.

ಅದಾದ ಮರುವಾರದಿಂದ ಅವಳ ಶೆಡ್ಡಿನ ಬಾಗಿಲಿಗೆ ಹರಿದ ಹಾಯಿಗಳು ಬರತೊಡಗಿದವು. ಮೊದಲು ಬಂದವನು ಆಮ್ಲೆಟ್ ಕೈತಪ್ಪಿಹೋಗಿದ್ದ ಕ್ಯಾಪ್ಟನ್. "ನಿಮ್ಮ ಹಾಯಿನ ಕೊನೇ ಎರಡು ಮೈಲಿ ಹಿಂದಿನಿಂದ ನೋಡ್ತಾ ಬಂದೆ. ಹೊಲಿದವರು ಯಾರು?" ಅಂತ ಕೇಳಿದ. ಅವಳು ರೆಕ್ಸಿನ್ ಸುರುಳಿಗಳನ್ನು ಸರಿಸಿ ಅವನ ಹಾಯಿಗೆ ಜಾಗ ಮಾಡಿದಳು.

ಆ ಬೇಸಿಗೆ ರಜೆ ಮುಗಿಯುವ ಮುನ್ನ ನಾಲ್ವರೂ ಎಂಟು ದಿನ ತಿರುಗಾಟಕ್ಕೆ ಹೊರಟರು. ತಮ್ಮನಿಗೆ ಇನ್ನೂ ಎತ್ತುವಂತಿರಲಿಲ್ಲ, ಎಳೆಯುವಂತಿರಲಿಲ್ಲ. ಮೊದಲೆರಡು ದಿನ ಗಡಿಯಾರ ನೋಡುತ್ತಾ ಚಡಪಡಿಸಿದ. ಮೂರನೆಯ ದಿನ ಗಡಿಯಾರ ಬಿಚ್ಚಿ ಕಪಾಟಿನಲ್ಲಿಟ್ಟ. ಎಂಟನೆಯ ದಿನ ವಾಪಸು ತಿರುಗಬೇಕಾದ ತಿರುವು ಹತ್ತಿರ ಬಂದಾಗ ಮೂತಿಯ ಕಡೆ ಟೋಪಿ ಮುಖಕ್ಕೆ ಮುಚ್ಚಿ ಮಲಗಿದ್ದ.

"ಮನೆ ಕಡೆ ತಿರುಗಿಸ್ಲೇನೋ?" ಅವಳು ಕೂಗಿ ಕೇಳಿದಳು.

ಅವನು ಟೋಪಿಯನ್ನು ಹಣೆಗೆ ಸರಿಸಿ ತಿರುವಿನಾಚೆ ನೋಡಿದ. ಆಮೇಲೆ, "ಮುಂದೆ ಇನ್ನೊಂದು ಕೊಲ್ಲಿ ಇದೆ ಅಂತಿದ್ಯಲ್ಲ," ಅಂದ. "ನಾಳೆ ಶಾಲೆಗೆ ರಜಾ ಹೇಳಿದ್ರಾಯ್ತು."

ಅವಳು ಗಂಡನ ಮುಖ ನೋಡಿದಳು. ಗಂಡ ಎದ್ದು ಹಾಯಿಯ ಹಗ್ಗ ಒಂದು ಗೇಣು ಸಡಿಲಿಸಿದ. ತಮ್ಮನ ಹೆಂಡತಿ ಉಳಿದ ಮೊಟ್ಟೆ ಎಣಿಸಲು ಕೆಳಗಿಳಿದಳು. ದೋಣಿ ತಿರುವು ದಾಟಿ ಮುಂದೆ ಹೋಯಿತು.