ಬೇರೆ ಫೋಲ್ಡರಿಗೆ ಬೀಳುತ್ತಿದ್ದ ಮೇಲ್‌ಗಳು

ಕುದಾಪುರದ ಹತ್ತಿರದ ಸಂಶೋಧನಾ ಕೇಂದ್ರವೊಂದರ ಕಂಪ್ಯೂಟರ್ ವಿಭಾಗಕ್ಕೆ ನಾನು ಸೇರಿದ ಕೆಲವೇ ತಿಂಗಳಲ್ಲಿ ಆ ಮೇಲ್‌ಗಳು ಶುರುವಾದವು. ಕಳಿಸುವವನ ವಿಳಾಸ ಪ್ರತಿ ಸಲವೂ ಬೇರೆ. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದ, ನನ್ನನ್ನು ‘ಗಿಣಿ’ ಎಂದೇ ಕರೆಯುತ್ತಿದ್ದ. ಮೊದಲು ಹೊಗಳಿಕೆ; ಉತ್ತರ ಬರಲಿಲ್ಲವೆಂದು ಆಮೇಲೆ ಬೈಗುಳ, ಬೆದರಿಕೆ. ಮನೆಯಲ್ಲಿ ಹೇಳಿದರೆ ಕೆಲಸ ಬಿಡಿಸುತ್ತಾರೆಂದು ಬಾಯಿ ಬಿಡಲಿಲ್ಲ.

ಎದುರಿನ ಮೇಜಿನ ಹಿರಿಯ ಸಹೋದ್ಯೋಗಿ ಮೊಳಕಾಲ್ಮೂರಿನವರು. ಮೇಲ್ ತೆರೆದಾಗಲೆಲ್ಲ ನಾನು ಪರದೆ ಮರೆಮಾಡುವುದನ್ನು ಕಂಡು ಏನೆಂದು ಕೇಳಿದರು. ಅವರಿಗೆ ಹೇಳಿದೆ. ಎಲ್ಲ ಅಳಿಸಿಬಿಡುತ್ತೇನೆ ಎಂದೆ.

“ಅಳಿಸ್‌ಬ್ಯಾಡಮ್ಮಾ. ನಾಳೆ ಯಾರಾದ್ರೂ ಕೇಳಿದ್ರೆ ಏನ್ ತೋರಿಸ್ತೀಯಾ? ಬೇರೆ ಕಡೆ ಹೋಗಿ ಬೀಳೋ ಹಂಗೆ ಮಾಡು. ಕಣ್ಣಿಗೆ ಬೀಳದಿದ್ರೆ ಸಾಕು.”

ನಮ್ಮ ಮೇಲ್ ಸರ್ವರ್ ಯುನಿಕ್ಸ್ ಎಂಬ ವ್ಯವಸ್ಥೆಯದು; ಯಾವ ಮೇಲ್ ಎಲ್ಲಿ ಬೀಳಬೇಕೆಂದು ಅದಕ್ಕೆ ನಾವೇ ಬರೆದು ಹೇಳಬಹುದಿತ್ತು. ನನ್ನ ಖಾತೆಯಲ್ಲಿ ಒಂದು ಫೈಲ್ ತೆರೆದು ಪುಟ್ಟ ನಿಯಮ ಬರೆದೆ: ಮೇಲ್‌ನೊಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಗಿಣಿ’ ಎಂದಿದ್ದರೆ ಇನ್‌ಬಾಕ್ಸಿಗೆ ಬಿಡಬೇಡ, ಬೇರೆ ಫೋಲ್ಡರಿಗೆ ಹಾಕು. ನನಗೆ ನಾನೇ ಒಂದು ಮೇಲ್ ಕಳಿಸಿ ನೋಡಿದೆ. ಅದು ಸದ್ದಿಲ್ಲದೆ ಪಕ್ಕಕ್ಕೆ ಹೋಯಿತು.

ಇನ್‌ಬಾಕ್ಸ್ ಹಸನಾಯಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಆ ಫೋಲ್ಡರನ್ನು ನಾನು ತೆರೆಯುತ್ತಿರಲಿಲ್ಲ, ಅದು ದಪ್ಪವಾಗುತ್ತಿರುವುದು ಕಾಣುತ್ತಿತ್ತು. ಚಳ್ಳಕೆರೆಯಿಂದ ಹೋಗಿಬರುವ ಬಸ್ಸಿನಲ್ಲಿ ಯಾರು ನೋಡಿದರೂ ಇವನೇ ಇರಬಹುದೇ ಎನ್ನಿಸುತ್ತಿತ್ತು.

ಒಂದು ಬೆಳಗ್ಗೆ ಇನ್‌ಬಾಕ್ಸಿನಲ್ಲೇ ಅವನ ಮೇಲ್ ಕೂತಿತ್ತು. ಈ ಸಲ ಕನ್ನಡ ಲಿಪಿಯಲ್ಲಿ: “ಹಸಿರು ಚೂಡಿದಾರ ಚೆನ್ನಾಗೈತೆ ಗಿಣಿ. ಬಸ್ಸಲ್ಲಿ ಯಾಕೆ ತಿರುಗಿ ತಿರುಗಿ ನೋಡ್ತಿದ್ದೆ?”

ಮೈಮೇಲೆ ಅದೇ ಹಸಿರು ಚೂಡಿದಾರವಿತ್ತು. ಕನ್ನಡ ಲಿಪಿಯ ಮೇಲ್ ಸರ್ವರಿಗೆ ಬರುವುದು ಬೇರೆಯೇ ಸಂಕೇತಗಳಾಗಿ. ನನ್ನ ನಿಯಮಕ್ಕೆ ಅದರಲ್ಲಿ ‘ಗಿಣಿ’ ಕಂಡಿರಲೇ ಇಲ್ಲ. ಅದು ಹೊಳೆದದ್ದು ಆಮೇಲೆ. ಆಗ ಎದುರಿನ ಮೇಜಿನ ಹಿರಿಯರನ್ನು ಕರೆದು ತೋರಿಸಿದೆ.

ಅವರು ಮೇಲ್‌ನ ಹಿಂದೆ ಅಡಗಿರುವ ಹೆಡರ್ ಸಾಲುಗಳನ್ನು ತೆಗೆದು, ಅದು ಬಂದ ದಾರಿ ನೋಡಿದರು. ದನಿ ತಗ್ಗಿಸಿದರು.

“ಏಮ್ಮಾ, ಇದು ಹೊರಗಿಂದ ಬಂದಿದ್ದಲ್ಲ. ನಮ್ಮ ಕಾಂಪೌಂಡ್ ಒಳಗಿನ ಕಂಪ್ಯೂಟರಿಂದಾನೇ ಬಂದೈತೆ.”

ಆ ಸಂಜೆ ನಾನು ಬಸ್ಸು ಹತ್ತಲಿಲ್ಲ. ಹಿರಿಯರೇ ನನ್ನನ್ನು ಚಳ್ಳಕೆರೆಯ ನಮ್ಮ ಮನೆಗೆ ಬಿಟ್ಟರು. ಅವ್ವ ಬಾಗಿಲಲ್ಲೇ ನನ್ನ ಮುಖ ನೋಡಿದಳು. ಎಲ್ಲವನ್ನೂ ಹೇಳಿ, “ಕೆಲಸ ಬಿಟ್‌ಬಿಡ್ತೀನಿ ಅವ್ವಾ” ಎಂದು ಅತ್ತುಬಿಟ್ಟೆ.

“ನೀನ್ಯಾಕೆ ಬಿಡ್ತೀಯಾ? ಅವನು ಬಿಡ್ಲಿ,” ಎಂದಳು ಅವ್ವ. ಸೆರಗು ಬಿಗಿದು ಚಪ್ಪಲಿ ಮೆಟ್ಟಿದಳು. “ನಡಿ, ಸ್ಟೇಷನ್ನಿಗೆ ಹೋಗಾನ.”

ದೂರು ಕೊಟ್ಟು, ಮರುದಿನ ಫೋಲ್ಡರಿನಲ್ಲಿದ್ದದ್ದನ್ನೆಲ್ಲ ಮುದ್ರಿಸಿ ಪೊಲೀಸರಿಗೆ ಕೊಟ್ಟೆವು. ಮೇಲ್ ಹೋದ ಕಂಪ್ಯೂಟರ್ ಯಾವುದೆಂದು ಹುಡುಕಿದಾಗ ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ ಸಿಕ್ಕಿಬಿದ್ದ. ದಿನಾ ನನ್ನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವನು. ಒಮ್ಮೆ ಬಸ್ಸು ತುಂಬಿದಾಗ ನನ್ನ ಬ್ಯಾಗು ಹಿಡಿದುಕೊಂಡಿದ್ದ, ನಾನು ಥ್ಯಾಂಕ್ಸ್ ಹೇಳಿದ್ದೆ. ಅವನನ್ನು ಕೆಲಸದಿಂದ ತೆಗೆದರು, ಕೇಸೂ ಆಯಿತು. ನಾನು ಅಲ್ಲೇ ಉಳಿದೆ. ಆದರೆ ಬಹಳ ಕಾಲ ಬಸ್ಸಿನ ಕೊನೆಯ ಸಾಲಿನಲ್ಲೇ, ಬೆನ್ನ ಹಿಂದೆ ಯಾರೂ ಇರದ ಹಾಗೆ, ಕೂತು ಹೋಗಿಬರುತ್ತಿದ್ದೆ.