ಹೋತದ ಗಡ್ಡದ ಗಾಳ

ನನ್ನ ಕೈಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಜೀವಮಾನವಿಡೀ ಸೀಮೆಸುಣ್ಣ ಹಿಡಿದದ್ದು ಬಿಟ್ಟರೆ ಅವು ಇನ್ಯಾವ ಕೆಲಸಕ್ಕೂ ಬಂದವಲ್ಲ. ಪೈಜಾಮದ ಲಾಡಿ ಕಗ್ಗಂಟಾದರೆ ಇಂದಿಗೂ ಹೆಂಡತಿಯನ್ನೇ ಕೂಗಬೇಕು. ಅಂಥವನು ನಿವೃತ್ತನಾದ ಮೇಲೆ, ಮೊಬೈಲಿನಲ್ಲಿ ಯಾರೋ ಪರದೇಶದವನು ಸ್ಟ್ರೀಮರ್ ಕಟ್ಟುವುದನ್ನು ನೋಡಿ ಮರುಳಾದೆ. ಗಾಳಕ್ಕೆ ಪುಕ್ಕ, ಕೂದಲು, ಮಿಂಚುವ ಎಳೆ ಇಟ್ಟು ದಾರ ಸುತ್ತಿ ಬಿಗಿಯುವುದು. ನೀರಿನಲ್ಲಿ ಎಳೆದಾಗ ಮರಿಮೀನು ಈಜಿದಂತೆ ಕಂಡು ದೊಡ್ಡ ಮೀನು ಬಾಯಿ ಹಾಕುವುದು. ನಮ್ಮೂರು ಭೋಜದ ದೂಧಗಂಗಾ ಹೊಳೆಯ ಮೀನುಗಳು ಇದುವರೆಗೆ ಹಿಟ್ಟಿನ ಉಂಡೆಗೇ ತೃಪ್ತಿಪಟ್ಟುಕೊಂಡಿದ್ದವು. ಅವಕ್ಕೂ ಕೊಂಚ ಸುಧಾರಣೆ ಬೇಡವೇ?

ಪುಕ್ಕ ನಮ್ಮ ಹಿತ್ತಲ ಹುಂಜದ್ದು. ಮಿಂಚಿಗೆ ಹೆಂಡತಿಯ ಹಳೆಯ ಸೀರೆಯ ಜರಿ. ಕೂದಲಿಗೆ, ಕುರಿ ಮೇಯಿಸುವ ಗೆಳೆಯ ಬಾಳಪ್ಪನ ಹೋತದ ಗಡ್ಡ.

"ಇದಕ್ಕ ಮೀನ ಬಿದ್ರ ನನ್ನ ಮೀಸಿನೂ ಬೋಳಸ್ತೀನ್ರಿ ಗುರೂಜಿ," ಎನ್ನುತ್ತ ಅವನು ಕತ್ತರಿಯಾಡಿಸಿದ.

ಮೂರು ದಿನ ಗುದ್ದಾಡಿ ಒಂದು ಕಟ್ಟಿದೆ. ಮರಿಮೀನಿನಂತಂತೂ ಇರಲಿಲ್ಲ. ಅಂಗಳದಲ್ಲಿ ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ, ನಮ್ಮ ಹುಂಜ ತನ್ನ ಪುಕ್ಕದ ಗುರುತು ಹಿಡಿದಿತೋ ಏನೋ, ಕಚ್ಚಿಕೊಂಡು ಹೋಗಿ ಪಕ್ಕದ ಮನೆಯ ಸುಶೀಲಾ ವೈನಿಯ ಹೊಸ್ತಿಲ ಮೇಲೆ ಬಿಟ್ಟಿತ್ತು.

ಹುಂಜದ ಪುಕ್ಕ, ಹೋತದ ಕೂದಲು, ಕಪ್ಪು ದಾರ, ಕಬ್ಬಿಣದ ಕೊಕ್ಕೆ ಇಷ್ಟೂ ಒಂದೇ ಗಂಟಿನಲ್ಲಿ ಹೊಸ್ತಿಲ ಮೇಲೆ ಸಿಕ್ಕರೆ ನೀವಾದರೂ ಏನು ತಿಳಿಯುತ್ತಿದ್ದಿರಿ? ವೈನಿ ಮಾಟವೆಂದರು. ಮಾಡಿಸಿದವಳು ಎದುರು ಮನೆಯಲ್ಲಿರುವ ತಮ್ಮ ವಾರಗಿತ್ತಿ ಶಾಂತಾ ಎಂದೂ ತೀರ್ಮಾನಿಸಿದರು. ಮಧ್ಯಾಹ್ನದೊಳಗೆ ಇಬ್ಬರ ಮಾತು ನಿಂತಿತು. ಒಡಹುಟ್ಟಿದ ಅಣ್ಣತಮ್ಮಂದಿರಾದ ಅವರ ಗಂಡಂದಿರು ಒಂದೇ ಹೊಲದಿಂದ ಬೇರೆ ಬೇರೆ ದಾರಿ ಹಿಡಿದು ಊಟಕ್ಕೆ ಬಂದರು.

ನಾನೇ ಹೋಗಿ ತಪ್ಪೊಪ್ಪಿಕೊಂಡೆ. ವೈನಿ ನಂಬಲಿಲ್ಲ.

"ಆಕಿನ್ನ ಉಳಸಾಕ ಸುಳ್ಳ ಹೇಳಬ್ಯಾಡ್ರಿ ಗುರೂಜಿ. ಇಂಥಾದಕ್ಕ ಯಾ ಮೀನ ಬೀಳ್ತೈತ್ರಿ?"

ಕೊನೆಗೆ ಇಬ್ಬರನ್ನೂ ನಮ್ಮ ಕಟ್ಟೆಗೆ ಕರೆದು, ಅವರೆದುರೇ ಇನ್ನೊಂದು ಕಟ್ಟಲು ಕೂತೆ. ಪುಕ್ಕ ಜಾರಿತು, ದಾರ ಬಿಚ್ಚಿತು, ಗಾಳ ಹೆಬ್ಬೆರಳಿಗೆ ನಾಟಿತು. ಬೋರಗಾಂವದ ಮಗ್ಗದ ಮನೆಯಲ್ಲಿ ಬೆಳೆದ ಶಾಂತಾಗೆ ತಡೆಯಲಾಗಲಿಲ್ಲ.

"ಕೊಡ್ರಿ ಇಲ್ಲೆ. ಅಕ್ಕಾ, ನೀ ಕೂದ್ಲಾ ಹಿಡಿ."

ವೈನಿ ಮುನಿಸು ಮರೆತು ಹಿಡಿದೇಬಿಟ್ಟರು. ನೇಯುವಾಗ ಎಳೆ ಕಡಿದರೆ ಮಗ್ಗದವರು ಹಾಕುವ ಗಂಟನ್ನೇ ಶಾಂತಾ ಹಾಕಿ ಬಿಗಿದಳು. ವೈನಿ ನನ್ನ ಹೆಬ್ಬೆರಳ ರಕ್ತ ನೋಡಿ, "ಈ ಕೈಲೆ ಮಾಟ ಆಗೂದೈತೇನ? ಒಂದ ಗಂಟ ಸೈತ ಬೀಳೂದಿಲ್ಲ!" ಎಂದು ಬಿದ್ದು ಬಿದ್ದು ನಕ್ಕರು. ಶಾಂತಾಳೂ ನಕ್ಕಳು. ನನ್ನ ಮಾನ ಹೋಯಿತು. ಹೋದದ್ದಕ್ಕೆ ಅಷ್ಟು ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ.

ಅವರಿಬ್ಬರು ಕಟ್ಟಿದ ಆ ಸ್ಟ್ರೀಮರ್ ಹಿಡಿದು ಪ್ರತಿ ಭಾನುವಾರ ಹೊಳೆಗೆ ಹೋಗುತ್ತೇನೆ. ಒಂದು ಮೀನೂ ಬಿದ್ದಿಲ್ಲ. ಬಾಳಪ್ಪನ ಮೀಸೆ ಇದ್ದ ಹಾಗೇ ಇದೆ. ಮರಳಿ ಬರುವಾಗ ವಾರಗಿತ್ತಿಯರಿಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ನನ್ನ ಖಾಲಿ ಚೀಲ ನೋಡಿ ನಗುತ್ತಾರೆ. ಈಚೀಚೆಗೆ ದಾರ ಒಂಚೂರು ಜಗ್ಗಿದರೂ ನನಗೆ ದಿಗಿಲು, ಎಲ್ಲಿ ಮೀನು ಬಿದ್ದುಬಿಡುತ್ತದೋ ಎಂದು.