ಎಲ್ಲಿಗೆ ಎಂದು ಕೇಳದವರು

ಅವರ ಬಲಗೈ ಬೆರಳ ತುದಿಗಳು ಸದಾ ಕೆಂಪಗಿರುತ್ತಿದ್ದವು. ವಿಮಾನದ ಟಿಕೆಟ್ಟು ಇನ್ನೂ ಕಾಗದದ್ದಾಗಿದ್ದ ಕಾಲ. ಪ್ರತಿ ಹಾಳೆಯ ಬೆನ್ನಿಗೂ ಕೆಂಪು ಕಾರ್ಬನ್. ಅಮೆರಿಕದ ಮೌಂಟನ್ ವ್ಯೂನ ರೈಲು ನಿಲ್ದಾಣದ ಹತ್ತಿರ ಒಂದೇ ಕೋಣೆಯ ಟ್ರಾವೆಲ್ ಏಜೆನ್ಸಿ ಅವರದು. ಉಡುಪಿ ಕಡೆಯವರು. ನಾನು ಹಾಸನದವನಾದರೂ ಊರಿಗೆ ಹೋಗುವ ಟಿಕೆಟ್ಟೆಲ್ಲ ಅವರ ಕೈಯಿಂದಲೇ.

ತಮಾಷೆಯೆಂದರೆ, ಟಿಕೆಟ್ಟು ಮಾರುವ ಈ ಮನುಷ್ಯ ಗಿರಾಕಿಗಳನ್ನು 'ಎಲ್ಲಿಗೆ' ಎಂದು ಕೇಳುತ್ತಲೇ ಇರಲಿಲ್ಲ. "ದೂರ ಹೊರಟದ್ದಾ ಮಾರಾಯ್ರೆ?" ಎನ್ನುವರು, ಊರಿನ ಹೆಸರು ನಾವೇ ಹೇಳಬೇಕು.

"ಎಲ್ಲಿಗೆ ಅಂತ ಕೇಳಿದ್ರೆ ಏನಾಗುತ್ತೆ ಸರ್?" ಎಂದು ಒಮ್ಮೆ ಕಾಲೆಳೆದೆ.

"ಹೊರಟವರನ್ನು ಹಾಗೆ ಕೇಳ್ಲಿಕ್ಕಿಲ್ಲ. ಹೋಗುವ ಕಾಲು ನಿಂತುಬಿಡ್ತದೆ," ಎಂದರು. ನಗಲಿಲ್ಲ.

ಅವರಿಗೆ ಐಸ್‌ಲ್ಯಾಂಡಿನ ಹುಚ್ಚು. ಗೋಡೆ ತುಂಬ ಅದೇ ದೇಶದ ಪೋಸ್ಟರುಗಳು. "ನೆಲದಿಂದಲೇ ಬಿಸಿನೀರು ಬರ್ತದೆ, ಹಂಡೆಗೆ ಸೌದೆ ಬೇಡ. ಜೂನಲ್ಲಿ ಕತ್ತಲೆಯೇ ಇಲ್ಲ, ಸಂಧ್ಯಾವಂದನೆ ಯಾವಾಗ ಮಾಡುವುದೋ ಏನೋ. ಮರಳು ಮಸಿಯ ಹಾಗೆ ಕಪ್ಪು." ಅವರು ಒಮ್ಮೆಯೂ ಹೋಗಿರಲಿಲ್ಲ, ಅಂಗಡಿ ಬಿಟ್ಟು ಹೋಗುವುದು ಹೇಗೆ ಎನ್ನುತ್ತಿದ್ದರು.

ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಬೇಸಿಗೆಯಲ್ಲಿ ನಮ್ಮ ಆಫೀಸು ಎಲ್ಲರಿಗೂ ಒಂದು ವಾರ ಕಡ್ಡಾಯ ರಜೆ ಕೊಟ್ಟಿತು. ಹೆಂಡತಿಯನ್ನೂ ಐದು ವರ್ಷದ ಮಗಳನ್ನೂ ಕರೆದುಕೊಂಡು ಐಸ್‌ಲ್ಯಾಂಡಿಗೆ ಹೊರಟೆ. "ಬಂದು ಎಲ್ಲ ಹೇಳ್ಬೇಕು, ಆಯ್ತಾ?" ಎಂದು ಅವರು ಟಿಕೆಟ್ಟು ಕೈಗಿಟ್ಟರು.

ಅವರು ಹೇಳಿದ್ದು ಯಾವುದೂ ಸುಳ್ಳಾಗಲಿಲ್ಲ. ಮೂರನೆಯ ದಿನ ಕಪ್ಪು ಮರಳಿನ ದಡಕ್ಕೆ ಹೋದೆವು. ಚಳಿಗೆ ಹೆಂಡತಿ ಕಾರಲ್ಲೇ ಕುಳಿತಳು. ಕಣ್ಣು ಹಾಯುವಷ್ಟು ದೂರ ಜನರಿಲ್ಲ. ಸಮುದ್ರ ಸಪ್ಪಳವಿಲ್ಲದೆ ಹಿಂದೆ ಸರಿದಿತ್ತು. ನುಣುಪು ಕಲ್ಲು ಆರಿಸೋಣವೆಂದು ಮಗಳ ಕೈ ಹಿಡಿದು ನೀರಿನ ಅಂಚಿಗೆ ನಡೆದೆ.

"ಎಲ್ಲಿಗೆ?"

ಬೆನ್ನ ಹಿಂದೆಯೇ, ಪಕ್ಕಾ ಉಡುಪಿಯ ರಾಗದಲ್ಲಿ. ನನ್ನ ಕಾಲು ನಿಂತಿತು. ನನಗಿಂತ ಮೊದಲು ತಿರುಗಿದವಳು ಮಗಳು. ಹಿಂದೆ ನಮ್ಮಿಬ್ಬರ ಹೆಜ್ಜೆಗುರುತು ಬಿಟ್ಟರೆ ಏನೂ ಇರಲಿಲ್ಲ. ಅಷ್ಟರಲ್ಲಿ ಆಳೆತ್ತರದ ಅಲೆಯೊಂದು ನಾವು ಹೋಗಬೇಕೆಂದಿದ್ದ ಜಾಗವನ್ನು ಮುಚ್ಚಿ, ನನ್ನ ಮೊಣಕಾಲಿಗೆ ಬಡಿದು ಹಿಂದಕ್ಕೆ ಹೋಯಿತು. ಮಗಳನ್ನು ಎತ್ತಿಕೊಂಡು ಓಡಿದೆ. ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ.

"ವೇರ್ ಈಸ್ ದಟ್ ಅಂಕಲ್?" ಎಂದಳು ಮಗಳು.

ವಾಪಸು ಬಂದು ಅಂಗಡಿಗೆ ಹೋದರೆ ಅವರ ಹೆಂಡತಿ ಗೋಡೆಯ ಪೋಸ್ಟರುಗಳನ್ನು ಬಿಚ್ಚುತ್ತಿದ್ದರು. ನಾವು ವಿಮಾನ ಹತ್ತಿದ ಮರುದಿನವೇ ಎದೆನೋವು ಬಂದು ಅವರು ತೀರಿಕೊಂಡಿದ್ದರಂತೆ.

"ನೀವು ಬಂದು ಹೇಳ್ತೀರಿ ಅಂತ ಆಸ್ಪತ್ರೆಯಲ್ಲೂ ಹೇಳ್ತಾ ಇದ್ರು. ಹೇಗುಂಟು ಆ ದೇಶ?" ಎಂದು ಆಕೆ ಕುರ್ಚಿ ಎಳೆದು ಕೂತರು.

ಬಿಸಿನೀರು, ಜಲಪಾತ, ಮುಳುಗದ ಸೂರ್ಯ, ಎಲ್ಲ ಹೇಳಿದೆ. ಕಪ್ಪು ಮರಳಿನ ಮಾತು ಬಂದಾಗ "ಚೆನ್ನಾಗಿತ್ತು ಅಮ್ಮ," ಎಂದಷ್ಟೇ ಹೇಳಿ ಮುಗಿಸಿದೆ. ಅಂದು ನನ್ನ ಕೈ ಹಿಡಿದಿದ್ದ ಮಗಳಿಗೆ ಈಗ ಅವಳದೇ ಮಗಳಿದ್ದಾಳೆ. ಈ ಎರಡು ಜೀವಗಳು ಯಾರ ಋಣ ಎಂದು ಅಂಗಡಿಯ ಆ ಅಮ್ಮನಿಗೆ ಹೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.